ಸಾವಕ್ಕನ ಆಟ

“ಇನ್ನೊಮ್ಮೆ ಕಿರಚ್ರಿ ಶಾಂಭವಿ. ಜೀವ ಹೋಗೂ ಮುಂದ ಇಷ್ಟ ಮೆಲ್ಲಕ ಯಾರೂ ಕಿರಚಂಗಿಲ್ಲ.”

ಹೆಡ್‌ಫೋನಿನಲ್ಲಿ ಶಶಿಕುಮಾರನ ದನಿ. ದೇಶಪಾಂಡೆ ನಗರದ ಆ ಕಚೇರಿಯಲ್ಲಿ ಮೊಬೈಲ್ ಗೇಮ್‌ಗಳು ತಯಾರಾಗುತ್ತಿದ್ದವು. ಅವನು ಅದರ ಮಾಲಕ. ಶಾಂಭವಿ ಆ ಆಟಗಳಿಗೆ ಕಥೆ, ಮಾತು ಬರೆಯುವವಳು. ಕೆಲಸಕ್ಕೆ ಸೇರಿ ಇನ್ನೂ ಬಹಳ ದಿನವಾಗಿರಲಿಲ್ಲ. ಕಚೇರಿಯಲ್ಲಿ ಹೆಂಗಸೆಂದರೆ ಅವಳೊಬ್ಬಳೇ ಆದ್ದರಿಂದ, ಹೆಣ್ಣುದನಿ ಬೇಕಾದಾಗೆಲ್ಲ ಗೋಡೆಗೆ ಕೌದಿ ಬಡಿದ ಈ ಸಣ್ಣ ರೆಕಾರ್ಡಿಂಗ್ ಕೋಣೆಗೆ ಅವಳನ್ನೇ ಕರೆಯುತ್ತಿದ್ದರು.

ಹೊಸ ಆಟದ ಆರಂಭದಲ್ಲಿ ದರೋಡೆಕೋರರು ಊರಿಗೆ ಬೆಂಕಿ ಇಡುತ್ತಾರೆ. ನಾಯಕನ ಹೆಂಡತಿ ಕಿರುಚುತ್ತ ಸಾಯುತ್ತಾಳೆ. ಅವನು ಸೇಡಿಗೆ ಕತ್ತಿ ಹಿಡಿಯುತ್ತಾನೆ. ನಾಯಕನಿಗೆ ಹೆಸರಿತ್ತು, ಅವನ ಕುದುರೆಗೂ ಇತ್ತು. ಹೆಂಡತಿಗೆ ಇರಲಿಲ್ಲ.

ಶಾಂಭವಿ ಹೆಡ್‌ಫೋನ್ ಕಳಚಿಟ್ಟು ಹೊರಗೆ ಬಂದಳು.

“ಸರ್, ನಾ ಕಿರಚೂದಿಲ್ರಿ. ಹೋದ ಆಟದಾಗ ತಂಗಿ ಸತ್ತಳು, ಅದರ ಹಿಂದಿನದ್ರಾಗ ತಾಯಿ. ಈಗ ಹೆಂಡ್ತಿ. ನಮ್ಮ ಆಟದಾಗ ಹೆಣ್ಮಕ್ಳು ಬರೂದ ಸಾಯಾಕೇನ್ರಿ?”

“ಆಕಿ ಸಾಯಲಿಲ್ಲಂದ್ರ ಹೀರೋಗ ಸಿಟ್ಟು ಎಲ್ಲಿಂದ ಬರಬೇಕು?”

“ಮನಿ ಸುಟ್ರ ಸಿಟ್ಟು ಆಕೀಗೂ ಬರತೈತ್ರಿ.”

ಶಶಿಕುಮಾರ ನಗಲಿಲ್ಲ. “ಆಡಾವರು ಹುಡುಗರು. ಹೆಂಗಸಾಗಿ ಯಾರ ಆಡ್ತಾರ? ಸೋಮವಾರ ನನಗ ದನಿ ಬೇಕು. ನಿಮಗ ಆಗೂದಿಲ್ಲಂದ್ರ ಬ್ಯಾರೇರನ್ನ ನೋಡ್ತೇನಿ. ಕಥಿ ಬರ್ಯಾಕೂ.”

“ಸೋಮವಾರ ಕೊಡ್ತೇನ್ರಿ,” ಎಂದಳಷ್ಟೆ.

ಊಟದ ಹೊತ್ತಿಗೆ ಉಪ್ಪಿನಬೆಟಗೇರಿಯಲ್ಲಿದ್ದ ತಾಯಿಗೆ ಫೋನ್ ಮಾಡಿದಳು.

“ಅವ್ವಾ, ನಾ ಸಣ್ಣಾಕಿದ್ದಾಗ ದನದ ಕೊಟಗಿಗೆ ಬೆಂಕಿ ಹತ್ತಿತ್ತಲ್ಲ, ಆವಾಗ ನೀ ಏನ ಮಾಡಿದಿ?”

“ಕುಡಗೋಲಿಂದ ಎತ್ತಿನ ಹಗ್ಗ ಕೊಯ್ದೆ,” ಎಂದಳು ಮುರಿಗೆವ್ವ. “ಬಿಚ್ಕೋತ ಕುಂದ್ರಾಕ ಹೊತ್ತೆಲ್ಲಿತ್ತು?”

“ಕಿರಚಲಿಲ್ಲೇನ?”

“ಹುಚ್ಚಿ, ಕಿರಚಿದ್ರ ಎತ್ತು ಬೆದರತಾವ. ಮೆಲ್ಲಕ ಹೆಸರ ಹಿಡದ ಕರದೆ.”

ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಶಾಂಭವಿ ಕೋಡಿಂಗ್ ಮಾಡುವ ವಿನೀತನ ಮೇಜಿಗೆ ಹೋದಳು. ಆಟದ ಮೊದಲ ಭಾಗದಲ್ಲಿ ಆಡುವವರು ಆ ಹೆಂಡತಿಯಾಗಿಯೇ ಆಡಬೇಕು, ಅವಳ ಹೆಸರು ಸಾವಕ್ಕ, ಉರಿಯುವ ಕೊಟ್ಟಿಗೆಯಿಂದ ಎತ್ತುಗಳನ್ನು ಉಳಿಸಬೇಕು ಎಂದು ವಿವರಿಸಿದಳು.

“ಹೀರೋ ಎಲ್ಲಿರ್ತಾನ?” ಎಂದ ವಿನೀತ.

“ಸಂತಿಗೆ ಹೋಗಿರ್ತಾನ. ಆಮ್ಯಾಲೆ ಬರ್ತಾನ.”

ವಿನೀತ ತಲೆ ಕೆರೆದುಕೊಂಡ. ಸರ್ ಒಪ್ಪುವುದಿಲ್ಲವೆಂದ. ಆದರೂ ಶನಿವಾರ ಬಂದ, ಭಾನುವಾರವೂ ಬಂದ. ಹಳೆಯ ಆಟದ ಹೆಣ್ಣಿನ ನಡಿಗೆಯನ್ನೇ ಸಾವಕ್ಕನಿಗೂ ಹಾಕಿದ್ದ. ಅವಳು ಬೆಂಕಿಯ ನಡುವೆ ಸೊಂಟ ಬಳುಕಿಸುತ್ತ ಹೊರಟಳು.

“ಕೈಯಾಗ ಕುಡಗೋಲ ಹಿಡಕೊಂಡಾಕಿ ಹಿಂಗ ನಡೀತಾಳೇನೋ?”

ವಿನೀತನ ಕಿವಿ ಕೆಂಪಾಯಿತು. ನಡಿಗೆಯನ್ನು ಮೊದಲಿನಿಂದ ಮಾಡಿದ.

ಸೋಮವಾರ ಶಶಿಕುಮಾರ ಕೈ ಚಾಚಿದ. “ದನಿ?”

“ಇದರಾಗೈತ್ರಿ. ಆಡಿ ನೋಡ್ರಿ,” ಎಂದು ಶಾಂಭವಿ ಮೊಬೈಲ್ ಕೊಟ್ಟಳು.

ನಿಂತಲ್ಲೇ ಆಡತೊಡಗಿದ. ಸಾವಕ್ಕನನ್ನು ಓಡಿಸಿದ, ಎತ್ತುಗಳು ಬೆದರಿ ಬೆಂಕಿಗೆ ನುಗ್ಗಿದವು. ಮತ್ತೆ ಶುರು ಮಾಡಿದ, ಮತ್ತೆ ಸೋತ. ಕುರ್ಚಿ ಎಳೆದುಕೊಂಡು ಕೂತ. ಈಗ ಮೆಲ್ಲಗೆ ನಡೆಸಿದ. ಹೊಗೆಯೊಳಗಿಂದ ಶಾಂಭವಿಯ ತಗ್ಗಿದ ದನಿ ಎತ್ತುಗಳನ್ನು ಹೆಸರು ಹಿಡಿದು ಕರೆಯಿತು. ಶಶಿಕುಮಾರ ಉಸಿರು ಬಿಗಿಹಿಡಿದು ಹಗ್ಗ ಕೊಯ್ದ.

“ಇದು ಇರ್ಲಿ,” ಎಂದ. “ಆದ್ರ ಪೋಸ್ಟರ್ ಮ್ಯಾಲೆ ಹೀರೋ ಒಬ್ಬನ.”

“ಅದರ ಮಾತು ನಾಳಿ ಆಡೂಣ್ರಿ ಸರ್. ಅದನ್ನೂ ನಾ ಒಪ್ಪಾಕಿ ಅಲ್ಲ.”

ಅವನ ಬೆರಳು ಇನ್ನೂ ಪರದೆಯ ಮೇಲೇ ಇತ್ತು. ಅಲ್ಲಿ ಸಾವಕ್ಕ ಎತ್ತುಗಳನ್ನು ಹೊಡೆದುಕೊಂಡು ಉರಿಯುವ ಅಂಗಳ ದಾಟಿ, ವಿನೀತ ಇನ್ನೂ ಬಣ್ಣ ತುಂಬದ ಬೂದು ಹೊಲದೊಳಗೆ ನಡೆಯುತ್ತಿದ್ದಳು.