ಗಿಂಬಲ್‌ಗೆ ಹಚ್ಚಿದ ಗಂಧ

ರಾಮಪ್ರಸಾದನ ಪ್ರಕಾರ ಪಾಠ ಹೇಳಿಕೊಡುವುದೆಂದರೆ ಮೊದಲು ಕೈ ಮಾಡುವುದು, ಆಮೇಲೆ ಬಾಯಿ ಮಾಡುವುದು. ಲಂಡನ್ನಿನ ಕನ್ನಡ ಡಾಕ್ಟರುಗಳ ಮನೆಯ ಮದುವೆಗಳಿಗೆಲ್ಲ ಅವನೇ ವಿಡಿಯೋ ತೆಗೆಯುವವನು. ಬಲು ಸಾಧು ಮನುಷ್ಯ ಎಂದು ಮೈಸೂರು ಕಡೆಯ ಹೆಂಗಸರು ಹೊಗಳುತ್ತಿದ್ದರು. ಫೆಲ್ಥಮ್‌ನ ಫ್ಲ್ಯಾಟಿನಲ್ಲಿ ಅವನ ಹೆಂಡತಿ ವೈದೇಹಿಯ ಪಕ್ಕೆಲುಬುಗಳಿಗೆ ಬಾಯಿದ್ದಿದ್ದರೆ ಬೇರೆಯೇ ಕತೆ ಹೇಳುತ್ತಿದ್ದವು. ಹೊಡೆಯುವುದರಲ್ಲೂ ಅವನು ಕಸುಬುದಾರ. ಬಟ್ಟೆ ಮುಚ್ಚುವ ಜಾಗ ಬಿಟ್ಟು ಬೇರೆಲ್ಲೂ ಏಟು ಬೀಳುತ್ತಿರಲಿಲ್ಲ.

೨೦೦೩ರ ಏಪ್ರಿಲ್‌ನಲ್ಲಿ ಅವನ ಬೆನ್ನಿನ ಡಿಸ್ಕ್ ಜಾರಿತು. ಮೈಮೇಲೆ ಕ್ಯಾಮರಾ ಹೊತ್ತು ನಡೆಯುವ ಸ್ಟೆಬಿಲೈಸರನ್ನು ಇನ್ನು ತೊಡಲೇಬೇಡ ಎಂದು ಜಿಪಿ, ಅಂದರೆ ಅವರ ಬಡಾವಣೆಯ ಡಾಕ್ಟರು, ಖಡಾಖಂಡಿತವಾಗಿ ಹೇಳಿಬಿಟ್ಟರು. ಆದರೆ ಡಾಕ್ಟರ್ ಅನಂತಮೂರ್ತಿಯವರ ಮಗಳು ಪ್ರಾಚಿಯ ಮದುವೆ ಹತ್ತಿರ ಬಂದಿತ್ತು. ಸೌತ್‌ಹಾಲ್‌ನ ಹಾಲ್‌ನಲ್ಲಿ ಅಂತರಪಟ ಸರಿದ ಕೂಡಲೇ ಕ್ಯಾಮರಾ ವಧೂವರರ ಸುತ್ತ ತೇಲಿಕೊಂಡು ಬರಬೇಕು, ಒಂದಿಷ್ಟೂ ಕುಲುಕಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಹೊರುವುದಕ್ಕೆ ವೈದೇಹಿ ಬಿಟ್ಟರೆ ಯಾರೂ ಇರಲಿಲ್ಲ. ಅವನ ಬೆನ್ನು ಹೋಗಿತ್ತು, ಮುಷ್ಟಿ ಹೋಗಿರಲಿಲ್ಲ.

ಸೋಫಾ ಗೋಡೆಗೆ ಸರಿಸಿ ಪಾಠ ಶುರುವಾಯಿತು. ಬಕಲ್ಲುಗಳಿಂದ ಬಿಗಿಯುವ ಗಟ್ಟಿ ಜಾಕೆಟ್. ಅದರ ಹೊಟ್ಟೆಯಿಂದ ಮುಂದಕ್ಕೆ ಚಾಚಿದ, ಸ್ಪ್ರಿಂಗ್ ತುಂಬಿದ ಕಬ್ಬಿಣದ ತೋಳು. ತೋಳಿನ ತುದಿಯಲ್ಲೊಂದು ಗೂಟ. ಆ ಗೂಟದ ಮೇಲೆ ನಿಲ್ಲುವ ಕಂಬದ ನೆತ್ತಿಯಲ್ಲಿ ಕ್ಯಾಮರಾ, ಬುಡದಲ್ಲಿ ಬ್ಯಾಟರಿ. ಕಂಬದ ನಡುವಿನ ಬೇರಿಂಗ್ ಉಂಗುರಕ್ಕೆ ಗಿಂಬಲ್ ಎನ್ನುತ್ತಾರೆ. ಬೆರಳು ತಾಕಿಸಿದರೆ ಸಾಕು, ಕಂಬ ಬೇಕಾದತ್ತ ತಿರುಗುವುದು ಅದರಿಂದಲೇ. ಕಂಬವನ್ನು ಅಡ್ಡ ಮಲಗಿಸಿ ಕೈಬಿಟ್ಟರೆ ಅದು ಅವಸರವಿಲ್ಲದೆ ಎದ್ದು ನಿಲ್ಲಬೇಕು. ದಡಕ್ಕನೆ ಎದ್ದರೆ ಬುಡ ಭಾರ, ಬ್ಯಾಟರಿಯನ್ನು ಮೇಲಕ್ಕೆ ಸರಿಸಬೇಕು. ತೋಳು ಜೋತುಬಿದ್ದರೆ ಸ್ಪ್ರಿಂಗಿನ ತಿರುಪು ಬಿಗಿಮಾಡಬೇಕು. ವೈದೇಹಿ ಇದನ್ನೆಲ್ಲ ಬೇಗ ಕಲಿತಳು. ಅಷ್ಟು ಭಾರ ಹೊತ್ತರೂ ನೆಟ್ಟಗೆ ನಿಲ್ಲುವುದು ಅವಳಿಗೆ ಹಿತವಾಗಿತ್ತು.

ತೊಡಕು ಬಂದದ್ದು ಒಂದೇ ಕಡೆ. ಕ್ಯಾಮರಾ ತಿರುಗಿಸುವಾಗ ಚಿತ್ರ ನಡುವೆ ಸಣ್ಣಗೆ ತಡೆದು ಜರ್ಕ್ ಹೊಡೆಯುತ್ತಿತ್ತು. ನಿನ್ನ ಕೈ ನಡುಗುತ್ತೆ ಎಂದು ರಾಮಪ್ರಸಾದ ಪಕ್ಕೆಗೆ ಗುದ್ದಿದ. ಮತ್ತೆ ತಿರುಗಿಸಿದಳು, ಮತ್ತೆ ಜರ್ಕ್, ಮತ್ತೆ ಗುದ್ದು. ಮರುದಿನ ಅದೇ ಬಾವಿನ ಮೇಲೆ ಜಾಕೆಟ್ ತೊಡಿಸಿ, ಅವಳ ಬೆನ್ನಿಗೆ ಮಂಡಿ ಕೊಟ್ಟು ಪಟ್ಟಿ ಎಳೆದ. ಉಸಿರು ಸಿಕ್ಕಿಹಾಕಿಕೊಂಡು ಅವಳ ಕಣ್ಣು ಕತ್ತಲಿಟ್ಟಿತು. ಆದರೂ ಅವಳು ಅವನ ಮಾತನ್ನೇ ನಂಬಿದಳು. ಹೆದರಿದವಳ ಕೈ ನಡುಗದೆ ಇನ್ನೇನು?

ಒಂದು ಮಧ್ಯಾಹ್ನ ಅವನು ಈಸ್ಟ್ ಹ್ಯಾಮ್‌ಗೆ ಹೋಗಿದ್ದ. ಅವಳು ಕಂಬವನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಒಂದು ಬೆರಳಿನಿಂದ ತಳ್ಳಿ ಕೈ ಹಿಂದೆ ತೆಗೆದುಕೊಂಡಳು. ಕಂಬ ತಿರುಗಿತು, ಅದೇ ಜಾಗದಲ್ಲಿ ತಡೆಯಿತು. ಇನ್ನೊಮ್ಮೆ ತಳ್ಳಿದಳು. ಮತ್ತೆ ಅಲ್ಲೇ. ಅವಳ ಕೈ ಅದರ ಹತ್ತಿರವೂ ಇರಲಿಲ್ಲ.

ತಿರುಪು ಬಿಚ್ಚಿ ಗಿಂಬಲ್ ತೆರೆದಳು. ಬೇರಿಂಗಿನ ಗುಂಡುಗಳ ನಡುವೆ ಹಳದಿ ಕೆಂಪಿನ ಗಟ್ಟಿ ಹಕ್ಕಳೆ. ಮೂಸಿದರೆ ಗಂಧ! ಹಿಂದಿನ ಅಕ್ಟೋಬರಿನ ಆಯುಧಪೂಜೆಯಲ್ಲಿ ರಾಮಪ್ರಸಾದ ಮಡಿಯುಟ್ಟು, ಇದೇ ನಮಗೆ ಅನ್ನ ಹಾಕೋದು ಎಂದು ಈ ಉಂಗುರಕ್ಕೆ ತಾನೇ ಗಂಧ ಕುಂಕುಮ ಮೆತ್ತಿದ್ದ. ಚಳಿಗಾಲದಲ್ಲಿ ಮದುವೆಗಳಿಲ್ಲದೆ ಅದು ಪೆಟ್ಟಿಗೆಯಲ್ಲೇ ಒಣಗಿ ಗಟ್ಟಿಯಾಗಿತ್ತು. ನಮ್ಮ ಜನ ಟೈಪ್‌ರೈಟರಿಗೂ ಕುಂಕುಮ ಇಟ್ಟವರು, ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟವರು. ಅವೆಲ್ಲ ತಡೆದುಕೊಂಡವು, ಗಿಂಬಲ್ ತಡೆದುಕೊಳ್ಳಲಿಲ್ಲ. ಅವಳು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದೇ ಗುಂಡು ಒರೆಸಿ ಜೋಡಿಸಿದಳು. ತಳ್ಳಿದರೆ ಕಂಬ ಎಲ್ಲೂ ನಿಲ್ಲದೆ ತಿರುಗಿತು. ವೈದೇಹಿ ನಿಂತಲ್ಲೇ ಅತ್ತಳು, ಸಂತೋಷಕ್ಕೆ.

ಅವನು ಬರುವ ಹೊತ್ತಿಗೆ ಜಾಕೆಟ್ ತೊಟ್ಟು, ಕ್ಯಾಮರಾ ಹೊತ್ತು ನಿಂತಿದ್ದಳು. ತಪ್ಪು ತನ್ನದಲ್ಲವೆಂದು ಗೊತ್ತಾದರೆ ಏಟು ನಿಲ್ಲುತ್ತದೆ ಎಂದು ನಂಬಿದ್ದಳು, ಪೆದ್ದಿ. ಒಂದೇ ಉಸಿರಿಗೆ ಎಲ್ಲ ಹೇಳಿ ಕ್ಯಾಮರಾ ತಿರುಗಿಸಿ ತೋರಿಸಿದಳು. ಅವನು ನೋಡಿದ. ಅವಳು ಹೇಳಿದ್ದು ನಿಜವೆಂದು ಅವನಿಗೆ ಅರ್ಥವಾಯಿತು. ಅವನ ಮುಖ ಕಪ್ಪಿಟ್ಟಿದ್ದು ಅದಕ್ಕೇ.

"ದೇವರಿಗೆ ಅಂತ ಹಚ್ಚಿದ್ದನ್ನ ಒರೆಸಿದ್ಯಾ? ನನಗೇ ಪಾಠ ಹೇಳೋಕೆ ಬರ್ತೀಯಾ?" ಎಂದವನೇ ಅವಳ ಮೊಣಕಾಲಿಗೆ ಒದ್ದ. ಬೀಳುತ್ತಿದ್ದವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಜಾಕೆಟ್ಟಿನ ಅಂಚಿನ ಕೆಳಗೆ ಮುಷ್ಟಿ ತೂರಿಸಿ ಮೂರು ನಾಲ್ಕು ಸಲ ಗುದ್ದಿದ. ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಆಗಲೇ ಅವಳಿಗೆ ಹೊಳೆದದ್ದು: ಹೊಡೆಯುವುದಕ್ಕೆ ಇವನಿಗೆ ಯಾವ ತಪ್ಪೂ ಬೇಕಾಗಿಲ್ಲ, ನಾನಿದ್ದರೆ ಸಾಕು.

ನೀನು ಇದಕ್ಕೆ ಲಾಯಕ್ಕಿಲ್ಲ, ಬಿಚ್ಚು ಎಂದು ಅರಚುತ್ತಾ ಅವನು ತಾನೇ ಬಗ್ಗಿ ಕಂಬಕ್ಕೆ ಕೈಹಾಕಿ ಗೂಟದಿಂದ ಮೇಲೆತ್ತಿದ. ಹಾಗೆ ಭಾರ ಇಳಿಸುವಾಗ ತೊಟ್ಟವರು ತೋಳನ್ನು ಬಲವಾಗಿ ಒತ್ತಿಹಿಡಿದಿರಬೇಕು, ಇಲ್ಲದಿದ್ದರೆ ಸ್ಪ್ರಿಂಗು ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಗೋಡೆಗೆ ಒರಗಿ ನಿಂತಿದ್ದ ವೈದೇಹಿ ಒತ್ತಿಯೇ ಹಿಡಿದಿದ್ದಳು. ಗೂಟದ ನೇರ ಮೇಲೆ ಅವನ ಗದ್ದವಿತ್ತು. ಅವಳು ಅದನ್ನು ನೋಡಿದಳು. ನೋಡಿಯೇ ಕೈ ತೆಗೆದಳು.

ಕಲ್ಲಿಗೆ ತೆಂಗಿನಕಾಯಿ ಒಡೆದ ಸದ್ದಾಯಿತು. ರಾಮಪ್ರಸಾದ ಹಿಂದಕ್ಕೆ ಬಿದ್ದ, ಕಂಬ ಕ್ಯಾಮರಾ ಸಮೇತ ಅವನ ಎದೆಯ ಮೇಲೆ ಬಿತ್ತು. ಬಾಯಿಂದ ರಕ್ತದ ಜೊತೆ ಹಲ್ಲು ಬಂದವು. ದವಡೆ ಒಂದು ಕಡೆಗೆ ಜೋತುಬಿದ್ದಿತ್ತು. ವೈದೇಹಿ ಕುಂಟಿಕೊಂಡು ಹತ್ತಿರ ಹೋಗಿ ಅವನ ಪಕ್ಕೆಗೆ ಒದ್ದಳು. ಇನ್ನೊಮ್ಮೆ ಒದೆಯುವ ಆಸೆಯಾಯಿತು. ಅದು ಅವಳನ್ನೇ ಹೆದರಿಸಿತು. ಹೋಗಿ ೯೯೯ಕ್ಕೆ ಫೋನ್ ಮಾಡಿದಳು.

ಹಸಿರು ಬಟ್ಟೆಯ ಆಂಬ್ಯುಲೆನ್ಸ್ ಹೆಂಗಸು ಏನಾಯಿತೆಂದು ಕೇಳಿದಳು. ರಾಮಪ್ರಸಾದ ಕೈಸನ್ನೆಯಲ್ಲೇ ಜಾರಿ ಬಿದ್ದೆ ಎಂದ. ಪ್ರತಿ ಸಲ ಜಿಪಿಯ ಮುಂದೆ ಹೇಳಲು ಅವನು ಹೆಂಡತಿಗೆ ಕಲಿಸಿದ್ದ ಮಾತೂ ಅದೇ. ಹೌದು ಅನ್ನು ಎಂಬಂತೆ ಅವಳ ಕಡೆ ನೋಡಿದ. ಅವಳು ಹೌದು ಎಂದಿದ್ದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

"ಅವರು ಬೀಳಲಿಲ್ಲ," ಎಂದು ವೈದೇಹಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. "ನಾನು ಬೇಕಂತಲೇ ಮಾಡಿದೆ. ಪೊಲೀಸರನ್ನ ಕರೀರಿ, ಅವರ ಮುಂದೆಯೂ ಇದನ್ನೇ ಹೇಳ್ತೀನಿ."

ಆಮೇಲೆ ಜಾಕೆಟ್ಟಿನ ಬಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಟ್ಟು, ಗಂಡನ ಕಣ್ಣೆದುರೇ, ಪಕ್ಕೆಲುಬುಗಳು ಆ ಹೆಂಗಸಿಗೆ ಕಾಣುವಂತೆ ಸ್ವೆಟರನ್ನು ಎತ್ತಿ ಹಿಡಿದಳು.