ತಾಯಿಮರಿಯ ಮೂರನೆಯ ಬೇಸಿಗೆ

ಕೆಟ್ಟು ನಿಂತದ್ದನ್ನು ಕಂಡರೆ ಕೈಕಟ್ಟಿ ಕೂರುವ ಜಾಯಮಾನ ತಂಪಕ್ಕನದಲ್ಲ. ಬೀದಿಗೆ ಬಾಗಿಲಿದ್ದ ಅವಳ ಅಂಗಡಿಯಲ್ಲಿ ಯಾವಾಗ ನೋಡಿದರೂ ಏಳೆಂಟು ಫ್ರಿಜ್ಜುಗಳು ಬೆನ್ನು ತೋರಿಸಿಕೊಂಡು ನಿಂತಿರುತ್ತಿದ್ದವು. ಒಂದರ ಹಿಂದೆ ಕಿವಿಯಿಟ್ಟು, ಕೊಳವೆ ಮುಟ್ಟಿ ನೋಡಿ, "ಗ್ಯಾಸ್ ಹೋಗಿದೆ" ಎಂದಳೆಂದರೆ ಹೋಗಿದೆ. "ಇದಕ್ಕೇನೂ ಆಗಿಲ್ಲ, ಹಿಂದುಗಡೆ ಧೂಳು ಹೊಡೀರಿ" ಎಂದಳೆಂದರೆ ಅಷ್ಟೇ, ಮುಂದೆ ಮಾತಿಲ್ಲ. ಇಪ್ಪತ್ತೈದು ವರ್ಷದಿಂದ ಸುತ್ತಮುತ್ತಲಿನ ಹಾಲು, ಔಷಧಿ, ಐಸ್‌ಕ್ರೀಮು ಕೆಡದಂತೆ ಕಾದವಳು ಅವಳೇ. ಅದಕ್ಕೇ ಬೀದಿಗೆಲ್ಲ ಅವಳು ತಂಪಕ್ಕ. ಹಾಗಂತ ಸ್ವಭಾವವೂ ತಂಪಿರಬಹುದು ಎಂದುಕೊಂಡು ಹೋದವರು ಚೆನ್ನಾಗಿ ಬಿಸಿ ಮುಟ್ಟಿಸಿಕೊಂಡು ಬಂದಿದ್ದರು.

ಇಂಥ ಹೆಂಗಸು ಎರಡು ಬೇಸಿಗೆ ಒಂದು ಗೇಣೂ ಇಲ್ಲದ ಗಿಡದ ಮುಂದೆ ಸೋತಳು ಎಂದರೆ ಯಾರು ನಂಬುತ್ತಾರೆ?

ಗಿಡ ಅವಳ ಅಕ್ಕನದು. ಅಕ್ಕ ಇದ್ದದ್ದು ಒಂದೂವರೆ ದಿನದ ಬಸ್ ದಾರಿಯಾಚೆ, ವರ್ಷಕ್ಕೆ ನಾಲ್ಕು ತಿಂಗಳು ಹಿಮ ಬೀಳುವ ಬೆಟ್ಟದ ಮೇಲೆ. ಅಲ್ಲಿ ಕಲ್ಲುಪಾತಿಗಳಲ್ಲಿ ಅವಳು ಒಂದೇ ಬಗೆಯ ಗಿಡ ಬೆಳೆಸಿ ಮಾರುತ್ತಿದ್ದಳು. ದಪ್ಪ ದಪ್ಪ ಎಲೆಗಳು ಒಂದಕ್ಕೊಂದು ಸುತ್ತಿಕೊಂಡು, ಅರಳಿದ ಗುಲಾಬಿಯ ಹಾಗೆ ನೆಲಕ್ಕಂಟಿ ಕೂರುವ ಗಿಡ ಅದು. ನಡುವೆ ದೊಡ್ಡದೊಂದು, ಸುತ್ತ ಅದರದೇ ಮರಿಗಳು. ಪುಸ್ತಕದಲ್ಲಿ ಅದಕ್ಕೆ ನಾಲಿಗೆ ಹೊರಳದ ಹೆಸರಿದೆಯಂತೆ. ಅಕ್ಕ ಮಾತ್ರ 'ತಾಯಿಮರಿ' ಎಂದೇ ಕರೆಯುತ್ತಿದ್ದಳು. ಹಿಮ ಬಿದ್ದರೂ ಸಾಯುವುದಿಲ್ಲ, ಬಂಡೆಯ ಬಿರುಕಿನಲ್ಲಿ ಎಸೆದರೂ ಬದುಕುತ್ತದೆ ಎಂದು ಮಕ್ಕಳ ಬಗ್ಗೆ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದಳು.

ಅಮ್ಮ ತೀರಿಕೊಂಡಾಗ ತಂಪಕ್ಕನಿಗೆ ಐದು ವರ್ಷ, ಅಕ್ಕನಿಗೆ ಹದಿನೆಂಟು. ಜಡೆ ಹಾಕಿದವಳು, ಜ್ವರ ಬಂದಾಗ ಪಕ್ಕ ಕೂತವಳು, ಹುಡುಗಿಗೆ ಯಾಕೆ ಯಂತ್ರದ ಕೆಲಸ ಎಂದವರ ಬಾಯಿ ಮುಚ್ಚಿಸಿದವಳು ಅಕ್ಕನೇ. ಈಗ ಅಕ್ಕನಿಗೆ ಅರವತ್ತೆಂಟು, ಶ್ವಾಸಕೋಶ ಸೋತಿತ್ತು. "ಇಷ್ಟು ಎತ್ತರದ ಗಾಳಿ ನಿಮಗೆ ಸಾಲ್ತಿಲ್ಲ. ಕೆಳಗಿಳೀರಿ, ಬೇರೆ ಔಷಧಿ ಇಲ್ಲ" ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಂಗಡಿಯ ಮೇಲಿನ ಮನೆಯಲ್ಲಿ ತಂಪಕ್ಕ ಒಂದು ಕೋಣೆ ಖಾಲಿ ಮಾಡಿ, ಸುಣ್ಣ ಹೊಡೆಸಿ, ಮಂಚ ಹಾಕಿಸಿದಳು. ಅಕ್ಕ ಬರಲಿಲ್ಲ.

"ನನ್ನ ಗಿಡ ನಿನ್ನ ಊರಲ್ಲಿ ಒಂದು ಬೇಸಿಗೆ ಬದುಕಲಿ ಗುಬ್ಬಿ," ಎಂದಳು ಫೋನಿನಲ್ಲಿ. ತಂಗಿಯನ್ನು ಈಗಲೂ ಅವಳು ಗುಬ್ಬಿ ಎಂದೇ ಕರೆಯುವುದು. "ಆಮೇಲೆ... ನಾನು ಬರ್ತೀನಿ."

"ಅಷ್ಟೇ ತಾನೆ? ಕಳಿಸು!"

ಮೊದಲ ವರ್ಷ ಹನ್ನೆರಡು ಗಿಡ ಬಂದವು. ತಂಪಕ್ಕ ಹೆಚ್ಚು ಯೋಚಿಸಲಿಲ್ಲ. ಚಳಿಯ ಊರಿನ ಗಿಡ, ಚಳಿಯೇ ಬೇಕು. ತಾನಿರುವಾಗ ಚಳಿಗೇನು ಬರ? ರಿಪೇರಿಯಾಗಿ ನಿಂತಿದ್ದ ಗಾಜಿನ ಬಾಗಿಲಿನ ಫ್ರಿಜ್ಜೊಂದರಲ್ಲಿ ಹನ್ನೆರಡನ್ನೂ ಸಾಲಾಗಿ ಇಟ್ಟು, ಎಂಟು ಡಿಗ್ರಿಗೆ ತಿರುಗಿಸಿ, ಎದೆ ಉಬ್ಬಿಸಿಕೊಂಡು ಅಕ್ಕನಿಗೆ ಫೋಟೋ ಕಳಿಸಿದಳು. ಮೂರು ವಾರಕ್ಕೆ ಅವು ಬೆಂದ ಸೊಪ್ಪಿನ ಹಾಗೆ ಲೊಳಲೊಳ ಆಗಿದ್ದವು.

ಅಕ್ಕ ನಕ್ಕೂ ನಕ್ಕೂ ಕೆಮ್ಮು ಹತ್ತಿ ಫೋನು ಕೆಳಗಿಟ್ಟಳು. ಸುಧಾರಿಸಿಕೊಂಡು ಮತ್ತೆ ಎತ್ತಿದಳು. "ಅಯ್ಯೋ ಹುಚ್ಚೀ, ಅದೇನು... ಬೆಣ್ಣೆನಾ ಫ್ರಿಜ್ಜಲ್ಲಿಡೋಕೆ? ಅದಕ್ಕೆ ಬೇಕಾಗಿದ್ದು ಚಳಿ ಅಲ್ಲ ಕಣೆ, ಬೆಳಕು. ಚಳಿ ತಡ್ಕೊಳತ್ತೆ ಅಷ್ಟೆ. ಕತ್ತಲು, ಒದ್ದೆ... ಎರಡೂ ತಡ್ಕೊಳಲ್ಲ."

ಎರಡನೆಯ ವರ್ಷ ಮತ್ತೆ ಹನ್ನೆರಡು ಬಂದವು, ಏಳು ದೊಡ್ಡವು, ಐದು ಮರಿ. ತಂಪಕ್ಕ ಬುದ್ಧಿ ಕಲಿತಿದ್ದಳು. ಬೇರಿಗೆ ನೀರು ನಿಲ್ಲದಂತೆ ತೂತು ಕೊರೆದ ಅಗಲ ತಟ್ಟೆ, ಮುಕ್ಕಾಲು ಭಾಗ ಜಲ್ಲಿ, ಕಾಲು ಭಾಗ ಮಣ್ಣು. ಥರ್ಮಾಮೀಟರು ಹಿಡಿದು ಮನೆಯ ಮೂಲೆಮೂಲೆಯ ಬಿಸಿ ಅಳೆದು, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಮಾಳಿಗೆ ಕಟ್ಟೆಯೇ ಸರಿ ಎಂದು ಗೊತ್ತುಮಾಡಿದಳು. ಎಲ್ಲ ಚೆನ್ನಾಗಿಯೇ ಇತ್ತು. ಬೇಸಿಗೆ ಏರಿದ್ದೇ ತಡ, ಹೂವಿನಂತಿದ್ದ ಗಿಡಗಳು ಮುಷ್ಟಿ ಬಿಗಿದಂತೆ ಮುಚ್ಚಿಕೊಂಡವು, ಹೊರಗಿನ ಎಲೆ ಕಾಗದದಂತೆ ಒಣಗಿತು. ಬಾಯಾರಿ ಸಾಯುತ್ತಿವೆ ಎಂದುಕೊಂಡಳು. ಎರಡು ಹೊತ್ತೂ ನೀರು ಹಾಕಿದಳು. ದೊಡ್ಡವು ಏಳೂ ಬುಡದಲ್ಲಿ ಕೊಳೆತು, ಮುಟ್ಟಿದರೆ ಕೈಗೆ ಬಂದವು. ಉಳಿದದ್ದು ಐದು ಮರಿ.

"ಬಿಸಿಲಿಗೆ ಅದು ಮಲಗತ್ತೆ ಗುಬ್ಬಿ. ಮಲಗಿರೋರ ಬಾಯಿಗೆ ನೀರು ಸುರೀತಾರಾ?" ಎಂದು ಅಕ್ಕ ಬೈದಳು. ಆಮೇಲೆ ಉಸಿರು ಎಳೆದುಕೊಂಡು ಮುಂದುವರಿಸಿದಳು. "ಮರಿಗಳು ಬದುಕಿದ್ವು. ದೊಡ್ಡವು... ಹೋದ್ವು. ಅಲ್ಲಿಗೆ ಮುಗೀತಲ್ಲ. ಎಳೇದು ಎಲ್ಲಿ ಹಾಕಿದ್ರೂ ಹತ್ಕೊಳತ್ತೆ. ವಯಸ್ಸಾದ್ದನ್ನ ಕಿತ್ತು ಇನ್ನೊಂದು ಕಡೆ ನೆಟ್ರೆ ಉಳಿಯಲ್ಲ. ನಾನು ಕೇಳಿದ್ದಕ್ಕೆ ಉತ್ತರ ಸಿಕ್ತು."

ತಂಪಕ್ಕನಿಗೆ ಆಗ ಅರ್ಥವಾಯಿತು. ಎರಡು ವರ್ಷದಿಂದ ಅಕ್ಕ ಕೇಳುತ್ತಿದ್ದದ್ದು ಗಿಡದ ವಿಷಯವೇ ಆಗಿರಲಿಲ್ಲ. ಬೆಟ್ಟದಷ್ಟು ಧೈರ್ಯದ ಅಕ್ಕ ಹೆದರಿದ್ದಳು. ತಂಪಕ್ಕನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅವಳಿಗೆ ಸಿಟ್ಟು ಬಂದರೆ ಕೆಲಸ ಶುರುವಾಗುತ್ತದೆ.

ಸತ್ತ ಏಳನ್ನೂ ಅಂಗಡಿಯ ಮೇಜಿನ ಮೇಲೆ ತಂದು ಸಾಲಾಗಿ ಹರಡಿದಳು. ಕೆಟ್ಟ ಫ್ರಿಜ್ಜು ಬಿಚ್ಚುವ ಹಾಗೆ ಒಂದೊಂದನ್ನೂ ಬಿಚ್ಚಿದಳು. ಗಂಡ ಮೇಲಿನಿಂದ ಇಳಿದು ಬಂದು ನಿಂತ. ಅವನು ದರ್ಜಿ, ಮನೆಯಲ್ಲೇ ಹೊಲಿಗೆ ಕೆಲಸ, ಕೇಳಿದರಷ್ಟೇ ಮಾತು.

"ಏನು ನೋಡ್ತಿದ್ದೀಯ?"

"ಸತ್ತಿದ್ದು ಯಾತಕ್ಕೆ ಅಂತ. ವಯಸ್ಸಾಗಿದ್ದಕ್ಕೆ ಅಂದ್ರೆ ನಾನು ಒಪ್ಪಲ್ಲ."

ಏಳನ್ನೂ ಬಿಚ್ಚಿದಾಗ ವಿಷಯ ಹೊರಬಿತ್ತು. ಮರಿಗಳು ಮಣ್ಣಿಲ್ಲದೆ ಬರೀ ಬೇರಿನಲ್ಲಿ ಬಂದಿದ್ದವು. ದೊಡ್ಡವುಗಳನ್ನು ಮಾತ್ರ ಅಕ್ಕ ಅಕ್ಕರೆಯಿಂದ, ತವರಿನ ಮಣ್ಣು ಬೇಕೆಂದು ಬುಡದ ಹೆಂಟೆ ಸಮೇತ ಕಳಿಸಿದ್ದಳು. ಹೊರಗೆ ಜಲ್ಲಿ ಒಣಗಿದ್ದರೂ ಒಳಗೆ ಆ ಕಪ್ಪು ಮಣ್ಣು ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು. ಬೆಟ್ಟದ ಗಾಳಿಗೆ ಅದು ಸರಿ. ಈ ಸೆಕೆಯಲ್ಲಿ ಬೇರು ಬೇಯದೆ ಇನ್ನೇನಾದೀತು?

ಕೈ ಕೂಡ ತೊಳೆಯದೆ ಫೋನು ಮಾಡಿದಳು. "ಅಕ್ಕಾ, ತಪ್ಪು ವಯಸ್ಸಿನದ್ದಲ್ಲ. ಅರ್ಧ ನನ್ನ ನೀರಿನದ್ದು, ಅರ್ಧ ನಿನ್ನ ಮಣ್ಣಿನದ್ದು. ನಿನ್ನ ಹತ್ತಿರ ಎಲ್ಲಕ್ಕಿಂತ ಹಳೇದು ಯಾವುದಿದೆ?"

"ಆರು ವರ್ಷದ್ದೊಂದು... ಇದೆ. ನಮ್ಮ ಲೆಕ್ಕದಲ್ಲಿ ನನಗಿಂತ ಅಜ್ಜಿ."

"ಅದನ್ನ ಕಳಿಸು. ಮಣ್ಣು ಪೂರ್ತಿ ತೊಳೆದು, ಒಣಬೇರು ಕತ್ತರಿಸಿ, ಬರೀ ಕಾಗದದಲ್ಲಿ ಸುತ್ತಿ ಕಳಿಸು."

"ಮೊಂಡಿ," ಎಂದಳು ಅಕ್ಕ. ಆದರೆ ಕಳಿಸಿದಳು.

ಅಜ್ಜಿ ಗಿಡ ತಂಪು ಹವೆಯಿದ್ದಾಗಲೇ ಬಂತು. ಅಂಗೈಯಗಲ, ಎಲೆಯ ತುದಿಗೆ ಕೆಂಪು ಅಂಚು. ಜಲ್ಲಿಯಲ್ಲಿ ಕೂರಿಸಿದ ಐದನೆಯ ವಾರಕ್ಕೆ ಅಲ್ಲಾಡಿಸಿದರೆ ಅಲ್ಲಾಡದಷ್ಟು ಬೇರು ಬಿಟ್ಟಿತು. ತಂಪಕ್ಕ ಕುಣಿಯುವುದೊಂದು ಬಾಕಿ. ಬೇಸಿಗೆ ಬಂತು, ಅಜ್ಜಿ ಮುಚ್ಚಿಕೊಂಡಿತು, ಹೊರಗಿನ ಎಲೆ ಒಣಗಿತು. ಅವಳ ಕೈ ತುರಿಸತೊಡಗಿತು. ಆದರೆ ಈ ಸಲ ಅವಳು ಬಗ್ಗಲಿಲ್ಲ. ಗಂಡ ತಾನಾಗಿಯೇ ಮಾಳಿಗೆಯಲ್ಲಿದ್ದ ಚೊಂಬನ್ನು ತೆಗೆದುಕೊಂಡು ಹೋಗಿ ತನ್ನ ಹೊಲಿಗೆ ಯಂತ್ರದ ಕೆಳಗಿಟ್ಟುಕೊಂಡ.

ಅಕ್ಕನಿಂದ ದಿನಾ ಬೆಳಗ್ಗೆ ಫೋನು. "ನೀರು... ಹಾಕಿಲ್ಲ ತಾನೆ?" ದಿನದಿಂದ ದಿನಕ್ಕೆ ಮಾತಿನ ನಡುವೆ ಉಸಿರಿಗೆ ನಿಲ್ಲುವುದು ಹೆಚ್ಚುತ್ತಿತ್ತು. ಒಂದು ದಿನ ಫೋನು ಮಾಡಿದವಳು ಅಕ್ಕನ ಪಕ್ಕದ ಮನೆಯ ಹಾಲಿನವಳು. "ನಿಮ್ಮಕ್ಕ ಬೆಳಗ್ಗೆ ಮಂಚದಿಂದ ಬಾಗಿಲಿಗೆ ಬರೋಷ್ಟರಲ್ಲಿ ಎರಡು ಸಲ ಕೂತ್ರು. ತುಟಿ ಎಲ್ಲ ನೀಲಿಗಟ್ಟಿತ್ತು. ನಿಮಗೆ ಹೇಳಬೇಡ ಅಂದಿದ್ದಾರೆ."

ತಂಪಕ್ಕ ಕೂಡಲೇ ಅಕ್ಕನಿಗೆ ಫೋನು ಮಾಡಿದಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಬಂದುಬಿಡು. ನಾನೇ ಬಂದು ಕರ್ಕೊಂಡು ಬರ್ತೀನಿ."

"ನೀನು ಬಂದ್ರೆ... ಬಾಗಿಲು ತೆಗೆಯಲ್ಲ. ಮಳೆ ಬೀಳಲಿ. ಅಜ್ಜಿ ಮತ್ತೆ ಅರಳಲಿ... ಆಮೇಲೆ ನೋಡೋಣ."

ಮಳೆಗೆ ಇನ್ನೂ ಎರಡೂವರೆ ತಿಂಗಳು. ಅಲ್ಲಿವರೆಗೆ ನೋಡಲು ಅಕ್ಕ ಇರಬೇಕಲ್ಲ! ಬಾಗಿಲು ತೆಗೆಯುವುದಿಲ್ಲ ಎಂದರೆ ತೆಗೆಯುವುದಿಲ್ಲ, ಆ ಹಠ ತಂಪಕ್ಕನಿಗೆ ಗೊತ್ತು, ಅದೇ ಹಠ ತನ್ನಲ್ಲೂ ಇತ್ತು. ಅವಳು ಕಣ್ಣೊರೆಸಿಕೊಂಡಳು, ದನಿ ಗಟ್ಟಿಮಾಡಿಕೊಂಡಳು.

"ಅಷ್ಟು ದಿನ ಕಾಯೋಕೆ ನನ್ನ ಕೈಲಾಗಲ್ಲ. ನಾಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ ಅಜ್ಜಿ ತಲೆ ಮೇಲೆ ಒಂದು ಬಕೆಟ್ ನೀರು ಸುರೀತೀನಿ."

"ಏಯ್ ಗುಬ್ಬಿ! ಅದು ಬದುಕಿದೆ ಕಣೆ... ಮಲಗಿದೆ! ಮುಟ್ಟಿದ್ರೆ... ನೋಡು!"

"ಬಂದು ತಡಿ," ಎಂದು ಫೋನಿಟ್ಟಳು. ಆಮೇಲೆ ಎಷ್ಟು ಸಲ ಹೊಡೆದುಕೊಂಡರೂ ಎತ್ತಲಿಲ್ಲ. ಹಾಲಿನವಳಿಗೆ ಮಾತ್ರ ಗುಟ್ಟಾಗಿ ಹೇಳಿಟ್ಟಳು: ಹೊರಟರೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ಜೊತೆಗೆ ನಿಮ್ಮ ತಂಗಿಯನ್ನು ಕಳಿಸಿ.

ಗಂಡ ಮೆಲ್ಲಗೆ ಕೇಳಿದ, "ನಿಜವಾಗ್ಲೂ ಸುರೀತೀಯಾ?"

"ಸುರೀತೀನಿ. ಸುಮ್ಮನೆ ಹೆದರಿಸ್ತಿದ್ದೀನಿ ಅಂತ ಒಂದು ಚೂರು ಅನುಮಾನ ಬಂದ್ರೂ ಅವಳು ಬರಲ್ಲ. ಅವಳು ನನ್ನ ದನಿಯಲ್ಲೇ ಸುಳ್ಳು ಹಿಡೀತಾಳೆ. ಅದಕ್ಕೇ ಸುಳ್ಳು ಹೇಳಿಲ್ಲ."

ನಾಡಿದ್ದು ಬಂತು. ಹನ್ನೊಂದಕ್ಕೇ ತಂಪಕ್ಕ ಬಕೆಟ್ ತುಂಬಿಸಿ ಗಿಡದ ಪಕ್ಕ ತಂದಿಟ್ಟಳು. ಹನ್ನೊಂದೂಮುಕ್ಕಾಲಾಯಿತು. ಬೀದಿಯಲ್ಲಿ ಯಾರೂ ಇಲ್ಲ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಅವಳು ಬಕೆಟ್ಟಿನ ಹಿಡಿಗೆ ಕೈ ಹಾಕಿದಳು. ಆಗ ಕೆಳಗೆ ಬಾಡಿಗೆ ಕಾರಿನ ಬಾಗಿಲು ಧಡಾರನೆ ಬಿತ್ತು.

"ಎಲ್ಲಿ ಅವಳು? ಬಿಡ್ರೀ, ನನ್ನ ಕೈ ಹಿಡೀಬೇಡಿ, ನಾನೇನು ಮಗುನಾ? ಏಯ್ ಗುಬ್ಬಿ, ಬಕೆಟ್ ಕೆಳಗಿಡು! ನಿನಗೆ ಬುದ್ಧಿ ಬರೋದು ಯಾವ ಕಾಲಕ್ಕೆ? ಮೊದಲನೇ ವರ್ಷ ಫ್ರಿಜ್ಜಲ್ಲಿಟ್ಟು ಕೊಳೆಸಿದೆ, ಎರಡನೇ ವರ್ಷ ಮುಳುಗಿಸಿ ಕೊಂದೆ, ಈಗ ಆರು ವರ್ಷದ ಜೀವ ತೆಗೆಯೋಕೆ ಹೊರಟಿದ್ದೀಯಾ? ಐದು ವರ್ಷದವಳಿದ್ದಾಗಲೂ ಹೀಗೇ, ಬೇಡ ಅಂದಿದ್ದನ್ನೇ ಮಾಡೋದು! ಎರಡು ದಿನದಿಂದ ಫೋನ್ ಎತ್ತಲ್ಲ, ಬಸ್ಸಲ್ಲಿ ನನಗೆ ನಿದ್ದೆ ಇಲ್ಲ, ಊಟ ಇಲ್ಲ, ಕಣ್ಣು ಮುಚ್ಚಿದ್ರೆ ನಿನ್ನ ಬಕೆಟ್ಟೇ! ಸರಿ ಆ ಕಡೆ, ಸರಿ ಅಂದೆ!"

ತಂಪಕ್ಕ ಸರಿದಳು. ಅಕ್ಕ ಬಗ್ಗಿ, ಒಣಗಿದ ಎಲೆಗಳ ನಡುವೆ ಬೆರಳು ತೂರಿಸಿ, ಅಜ್ಜಿಯ ನಟ್ಟನಡುವೆ ಒತ್ತಿ ನೋಡಿದಳು. ಬೆರಳು ಒಳಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. "ಕಲ್ಲಿನ ಹಾಗಿದೆ," ಎಂದಳು, ದನಿ ಇಳಿಸಿ. "ಚೆನ್ನಾಗಿದೆ ಕಣೆ. ಎಷ್ಟು ಚೆನ್ನಾಗಿದೆ." ಆಮೇಲೆ ತಿರುಗಿ ನೋಡಿದರೆ ತಂಗಿಯ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಏನೇ, ಬೈದಿದ್ದಕ್ಕೆ ಅಳ್ತೀಯಾ?"

"ಬೈಯಿ ಅಕ್ಕಾ. ಇನ್ನೂ ಬೈಯಿ. ನೀನು ಕೆಳಗಿಂದ ಇಲ್ಲಿವರೆಗೆ ಒಂದು ಸಲನೂ ನಿಲ್ಲದೆ ಬೈದೆ."

ಅಕ್ಕ ಮೆಟ್ಟಿಲಿನ ಕಡೆ ನೋಡಿದಳು. ಕಡಿದಾದ ಇಪ್ಪತ್ತೆರಡು ಮೆಟ್ಟಿಲು. ಕೆಳತುದಿಯಲ್ಲಿ ಹಾಲಿನವಳ ತಂಗಿ ಚೀಲ ಹಿಡಿದು ಇನ್ನೂ ಏದುಸಿರು ಬಿಡುತ್ತ ಹತ್ತುತ್ತಿದ್ದಳು. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಉಸಿರು ಎಳೆದು ನೋಡಿದಳು. ಬಿಟ್ಟಳು. ಮತ್ತೆ ಎಳೆದಳು, ಪೂರ್ತಿಯಾಗಿ.

"ಆ ಬಕೆಟ್ ಬಚ್ಚಲಿಗೆ ತಗೊಂಡು ಹೋಗು," ಎಂದಳು ಕೊನೆಗೆ. "ನಾನು ಸ್ನಾನ ಮಾಡ್ಬೇಕು. ನನ್ನ ಕೋಣೆ ಯಾವುದು ತೋರಿಸು. ಇದನ್ನ ನಿನ್ನ ಕೈಲಿ ಬಿಟ್ಟು ನಾನೆಲ್ಲೂ ಹೋಗೋ ಹಾಗಿಲ್ಲ."