ಕಿಕುನೊ ಕಟ್ಟಿದ ಹಣ್ಣು

ನನ್ನ ಹೆಂಡತಿ ಕಿಕುನೊ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಮ್ಮ ಜಗಲಿಯ ತುಂಬ ಕಾಕಿ, ಇಲ್ಲಿಯವರು ಪರ್ಸಿಮನ್ ಎನ್ನುವ ಹಣ್ಣು, ತೂಗುತ್ತಿತ್ತು. ಆಸ್ಪತ್ರೆಗೆ ಹೋಗುವ ಮುನ್ನ ಅವಳೇ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ ಒಣಹಾಕಿದ್ದಳು. ಪಟ್ಟಣದಿಂದ ಮಗ ಇಸಾಮು ಒಬ್ಬನೇ ಹಿಂದಿರುಗಿ, ಟೋಪಿ ತೆಗೆದು ಆ ಹಣ್ಣುಗಳ ಕೆಳಗೆ ನಿಂತ. ಅವನು ಹೇಳುವ ಮೊದಲೇ ನನಗೆ ತಿಳಿಯಿತು. ಒಳಗೆ ಹೋಗಿ ಬುದ್ಧನ ಮುಂದೆ ದೀಪ ಹಚ್ಚಿದೆ.

ಕ್ಯಾಲಿಫೋರ್ನಿಯಾದ ಈ ಕೆಂಪು ಮಣ್ಣಿನ ಗುಡ್ಡಕ್ಕೆ ನಾವು ಬಂದಾಗ ಓಕ್ ಮರ, ಬಂಡೆ ಬಿಟ್ಟರೆ ಏನೂ ಇರಲಿಲ್ಲ. ಜಪಾನಿನಿಂದ ಬಂದವರು ಭೂಮಿ ಕೊಳ್ಳಲು ಕಾನೂನು ಬಿಡಲಿಲ್ಲ. ಇಸಾಮು ಇಲ್ಲಿಯೇ ಹುಟ್ಟಿದವನು. ಅವನ ಹೆಸರಿನಲ್ಲಿ ತೋಟ ಮಾಡಿದೆವು. ಕಾಕಿ ಗಿಡ ನೆಟ್ಟವಳು ಕಿಕುನೊ. ಈ ಹಣ್ಣು ಹಸಿಯಾಗಿದ್ದಾಗ ನಾಲಿಗೆ ಹಿಡಿಯುವಷ್ಟು ಒಗರು. ಒಣಗುವಾಗ ಬೆರಳಿನಿಂದ ಹದವಾಗಿ ಅಮುಕಿ ನೀವುತ್ತಿದ್ದರೆ ಒಳಗಿನ ಸಕ್ಕರೆ ಹೊರಬಂದು ಬೆಳ್ಳಗೆ ಹಿಟ್ಟಿನಂತೆ ಕೂರುತ್ತದೆ. ಅವಸರಪಟ್ಟರೆ ಮೈ ಒಡೆದು ಹುಳಿಯುತ್ತದೆ.

ನಮ್ಮವರಲ್ಲಿ ಸಾವಿನ ಮನೆಯ ಕೆಲಸವನ್ನೆಲ್ಲ ನೆರೆಯವರೇ ಹೊರುತ್ತಾರೆ. ಬಂದ ನೆರವನ್ನು ಬೇಡವೆನ್ನುವಂತಿಲ್ಲ. ಮರುದಿನ ಪಕ್ಕದ ತೋಟದ ತೊಯೊ ಅಕ್ಕ ಕೆಲವು ಹೆಂಗಸರೊಂದಿಗೆ ಬಂದು, ಒಲೆಯ ಮೇಲೆ ಸಾರಿಟ್ಟು, ತೋಳೇರಿಸಿಕೊಂಡು ಹಣ್ಣು ನೀವಲು ಜಗಲಿಗೆ ನಡೆದರು. ಗೆಳತಿಯ ಕೊನೆಯ ಹಣ್ಣು ಕೆಡಬಾರದೆಂಬ ಪ್ರೀತಿ ಅವರದು. ಅಷ್ಟರಲ್ಲಿ ನನ್ನ ಸೊಸೆ ಸುಮಿಯೆ ಎದ್ದು ಹೋಗಿ ಒಂದು ಹಣ್ಣನ್ನು ಕೆನ್ನೆಗೆ ಒತ್ತಿಕೊಂಡಳು. ಹೆಂಗಸರು ಮುಖ ಮುಖ ನೋಡಿಕೊಂಡರು.

“ಅತ್ತೆ ಹೋಗಿ ಎರಡು ದಿನ ಆಗಿಲ್ಲ, ಹಣ್ಣನ್ನ ಮುದ್ದು ಮಾಡ್ತಾ ನಿಂತಿದೀಯಲ್ಲೇ,” ಎಂದರು ತೊಯೊ ಅಕ್ಕ. “ಇಲ್ಲಿ ಹುಟ್ಟಿದೋಳಿಗೆ ಇದೆಲ್ಲ ಏನು ಗೊತ್ತು. ಸರಿ ಆ ಕಡೆ.”

“ಇನ್ನೂ ಅಂಟ್ತಾ ಇದೆ ದೊಡ್ಡಮ್ಮ. ಮಂಜು ಬಿದ್ದು ಮೈ ಗಟ್ಟಿಯಾಗಿಲ್ಲ. ಅತ್ತೆ ಹೀಗೇ ನೋಡ್ತಿದ್ರು. ಇವತ್ತು ಯಾರೂ ಮುಟ್ಟಬೇಡಿ.”

ತೊಯೊ ಅಕ್ಕ ನನ್ನತ್ತ ತಿರುಗಿದರು. ಸೊಸೆಯನ್ನು ಗದರಿಸಿದರೆ ಊರಿನ ಮರ್ಯಾದೆ ಉಳಿಯುತ್ತಿತ್ತು, ಹಣ್ಣು ಉಳಿಯುತ್ತಿರಲಿಲ್ಲ. ಕಿಕುನೊ ಹಣ್ಣನ್ನು ಕೆನ್ನೆಗಿಟ್ಟು ಕಣ್ಣು ಮುಚ್ಚುತ್ತಿದ್ದುದನ್ನು ನಾನು ಎಷ್ಟೋ ಚಳಿಗಾಲ ಕಂಡಿದ್ದೆ. ಸುಮಿಯೆಯ ಕಣ್ಣೂ ಹಾಗೆಯೇ ಮುಚ್ಚಿತ್ತು.

“ಅಕ್ಕ, ಒಲೆ ನಿಮ್ದು,” ಎಂದೆ. “ಜಗಲಿ ಅವಳದು.”

ಅವರು ತೋಳಿಳಿಸಿ ಒಳಗೆ ಹೋದರು. ಆ ದಿನದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನಾವು ಬಡಿಸಿದಷ್ಟನ್ನೂ ಉಂಡೆವು.

ಮಂಜು ಕರಗಿ ಒಣಗಾಳಿ ಬೀಸಿತು. ಹಣ್ಣು ಕೆನ್ನೆಗೆ ಅಂಟದ ದಿನ ಸುಮಿಯೆ ತಾನೇ ಹೋಗಿ ತೊಯೊ ಅಕ್ಕನನ್ನು ಕೈಹಿಡಿದು ಕರೆತಂದಳು. ಅಂದಿನಿಂದ ಇಬ್ಬರೂ ಜಗಲಿಯಲ್ಲಿ ಕೂತು ನೀವಿದರು. ಒಂದು ಹಣ್ಣೂ ಒಡೆಯಲಿಲ್ಲ.

ಸತ್ತವರಿಗಾಗಿ ಮಾಡುವ ನಲವತ್ತೊಂಬತ್ತನೆಯ ದಿನದ ಪೂಜೆಯ ಹೊತ್ತಿಗೆ ಹಣ್ಣುಗಳು ಹಿಮ ಬಿದ್ದಂತೆ ಬೆಳ್ಳಗಾಗಿದ್ದವು. ಮೊದಲ ತಟ್ಟೆಯನ್ನು ಕಿಕುನೊಳ ಚಿತ್ರದ ಮುಂದಿಟ್ಟೆವು. ಗುರುಗಳು ಸೂತ್ರ ಓದಿ ಮುಗಿಸಿದ ಮೇಲೆ ತೊಯೊ ಅಕ್ಕ ಒಂದು ಹಣ್ಣು ತಿಂದರು. ಆಮೇಲೆ ಕಣ್ಣೊರೆಸಿಕೊಂಡು ಸುಮಿಯೆಗೆ, “ಬರೋ ವರ್ಷ ನಮ್ಮನೆ ಹಣ್ಣಿಗೂ ಬಂದು ಕೆನ್ನೆ ಕೊಟ್ಟು ಹೋಗೇ,” ಎಂದರು.

ಅಮಿದ ಬುದ್ಧನೇ, ಅವಳು ನೆಟ್ಟ ಮರ ಈ ನೆಲದಲ್ಲಿ ಬೇರೂರಿದೆ, ಅವಳ ಕೈಯ ಹದ ಈ ಮನೆಯಲ್ಲಿ ಉಳಿದಿದೆ. ಇನ್ನು ಆ ಕೈಗಳಿಗೆ ವಿಶ್ರಾಂತಿ ಕೊಡು. ನಿನ್ನ ಬೆಳಕಿನಲ್ಲಿ ನನ್ನ ಕಿಕುನೊ ಶಾಂತಿಯಿಂದಿರಲಿ.